ಮೊದಲು ಪ್ಲೇಟ್‌ಲೆಟ್, ಆಮೇಲೆ ಬಿಳಿ ಕಣ: ಫ್ಲೋ ಚೇಂಬರ್ ಪ್ರಯೋಗ ಮಾಡುವ ಬಗೆ

ಫ್ಲೋ ಚೇಂಬರ್ ಎಂದರೆ ರಕ್ತ ಹರಿಸಿ, ಗೋಡೆಗೆ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣ ಅಂಟುವುದನ್ನು ನೋಡುವ ಸಣ್ಣ ಕಾಲುವೆ. ಗೋಡೆಯ ಬಳಿ ಶಿಯರ್ ದರ (ಪಕ್ಕಪಕ್ಕದ ಪದರಗಳ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬ ಅಳತೆ) ಸೆಕೆಂಡಿಗೆ ಸುಮಾರು 1,000 ದಾಟಿದರೆ ಪ್ಲೇಟ್‌ಲೆಟ್‌ಗೆ ನೆಲೆ ಸಿಗುವುದು ವಾನ್ ವಿಲೆಬ್ರಾಂಡ್ ಪ್ರೋಟೀನ್‌ನಿಂದ. ಕೊಲಾಜೆನ್‌ಗೆ (ರಕ್ತನಾಳದ ಗೋಡೆಯ ನಾರಿನ ಪ್ರೋಟೀನ್) ಅಂಟಿದ ಈ ಪ್ರೋಟೀನ್ ಹರಿವಿನ ಸೆಳೆತಕ್ಕೆ ಬಿಚ್ಚಿಕೊಂಡು ಪ್ಲೇಟ್‌ಲೆಟ್‌ನ ಮೇಲ್ಮೈಯಲ್ಲಿರುವ ಜಿಪಿ-1ಬಿ ಎಂಬ ಗ್ರಾಹಕವನ್ನು ಹಿಡಿಯುತ್ತದೆ. ಆ ಸೆಳೆತದಲ್ಲಿ ಬಿಳಿ ಕಣ ನಿಲ್ಲದು. ಹಾಗಾಗಿ ಎರಡನ್ನೂ ನೋಡಬೇಕಾದರೆ ಹರಿವನ್ನು ಎರಡು ಹಂತ ಮಾಡಿ.

ಕಾಲುವೆ 1 ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ಎತ್ತರ ಇರಲಿ. ಹರಿವಿನ ಆರು ಪಟ್ಟನ್ನು 'ಅಗಲ × ಎತ್ತರದ ವರ್ಗ'ದಿಂದ ಭಾಗಿಸಿದರೆ ಶಿಯರ್ ದರ. ನಿಮಿಷಕ್ಕೆ 150 ಮೈಕ್ರೋಲೀಟರ್ ಹರಿಸಿದರೆ 1,500. 10 ಹರಿಸಿದರೆ 100. ಎತ್ತರ ವರ್ಗವಾಗುವುದರಿಂದ ಅಲ್ಲಿ ಶೇ 10ರಷ್ಟು ಕಡಿಮೆಯಾದರೂ ಶಿಯರ್ ಶೇ 23 ಏರುತ್ತದೆ. ಪ್ಯಾಕೆಟ್ ಮೇಲಿನ ಅಳತೆ ನಂಬದೆ ಒಮ್ಮೆ ನೀವೇ ಅಳೆಯಿರಿ.

ಕಾಲುವೆಗೆ ಕೊಲಾಜೆನ್ (ಮಿಲಿಲೀಟರಿಗೆ 100 ಮೈಕ್ರೋಗ್ರಾಂ) ಒಂದು ಗಂಟೆ ಬಿಟ್ಟು ತೊಳೆದು, ಶೇ 1 ಆಲ್ಬುಮಿನ್‌ನಿಂದ ಖಾಲಿ ಜಾಗ ಮುಚ್ಚಿ. ಹತ್ತು ದಿನಗಳಿಂದ ಆಸ್ಪಿರಿನ್ ತಗೊಳ್ಳದವರ ರಕ್ತವನ್ನು 21 ಗೇಜ್ ಸೂಜಿಯಿಂದ ನಿಧಾನವಾಗಿ ತೆಗೆಯಿರಿ. ಮೊದಲ ಕೆಲವು ಮಿಲಿಲೀಟರ್ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಹಿರುಡಿನ್ ಟ್ಯೂಬ್ ಒಳ್ಳೆಯದು. ಸಿಟ್ರೇಟ್ ಕ್ಯಾಲ್ಸಿಯಂ ಕಟ್ಟಿಹಾಕಿ ಇಂಟೆಗ್ರಿನ್‌ಗಳ (ಕಣಗಳು ಅಂಟಲು ಬಳಸುವ ಪ್ರೋಟೀನ್) ಹಿಡಿತ ಕೆಡಿಸುತ್ತದೆ, ಹೆಪಾರಿನ್ ಪಿ-ಸೆಲೆಕ್ಟಿನ್‌ಗೆ (ಚುರುಕಾದ ಪ್ಲೇಟ್‌ಲೆಟ್ ಮೇಲೆ ಬಂದು ಬಿಳಿ ಕಣವನ್ನು ಹಿಡಿಯುವ ಪ್ರೋಟೀನ್) ಅಡ್ಡ ಬರುತ್ತದೆ. ಫ್ರಿಜ್‌ನಲ್ಲಿಡಬೇಡಿ. ಕೆಂಪು ಕಣ ಬೇರ್ಪಡಿಸಲೂಬೇಡಿ: ಪ್ಲೇಟ್‌ಲೆಟ್‌ಗಳನ್ನು ಗೋಡೆಯತ್ತ ತಳ್ಳುವುದು ಅವೇ. ಅರ್ಧ ಗಂಟೆ ಬಿಟ್ಟು ಬಣ್ಣ ಹಾಕಿ: ರೋಡಮೈನ್ 6ಜಿ ಪ್ಲೇಟ್‌ಲೆಟ್‌ಗೂ ಬಿಳಿ ಕಣಕ್ಕೂ ಹತ್ತುತ್ತದೆ, ಗಾತ್ರ ನೋಡಿ ಬೇರ್ಪಡಿಸಬಹುದು.

ಪಂಪನ್ನು ಹೊರದಾರಿಗೆ ಜೋಡಿಸಿ, ರಕ್ತವನ್ನು ತಳ್ಳದೆ ಎಳೆಯಿರಿ. ಆಗ ಸಿರಿಂಜ್ ತಾಕುವ ಮೊದಲೇ ಅದು ಕೊಲಾಜೆನ್ ಮೇಲೆ ಹಾದಿರುತ್ತದೆ. ಮೊದಲು ಬಫರ್ ತುಂಬಿ, ಕೊಳವೆ ಜೋಡಿಸುವಾಗ ಹನಿಗೆ ಹನಿ ಸೇರಿಸಿ. ಒಂದು ಗಾಳಿಗುಳ್ಳೆ ನುಗ್ಗಿದರೂ ಅಂಟಿದ ಗುಂಪನ್ನೆಲ್ಲ ಕಿತ್ತೊಯ್ಯುತ್ತದೆ, ಆ ಓಟ (ಒಂದು ಸಲದ ಪ್ರಯೋಗ) ವ್ಯರ್ಥ. 37 ಡಿಗ್ರಿಯಲ್ಲಿ 1,500 ಶಿಯರ್ ದರಕ್ಕೆ ಐದು ನಿಮಿಷ ಹರಿಸಿ. ಪ್ಲೇಟ್‌ಲೆಟ್ ಗುಡ್ಡೆಗಳು ಬೆಳೆಯುತ್ತವೆ. ನಿಲ್ಲಿಸದೆ 100ಕ್ಕೆ ಇಳಿಸಿ, ಹತ್ತು ನಿಮಿಷ ನೋಡಿ. ಬಿಳಿ ಕಣಗಳು ಪ್ಲೇಟ್‌ಲೆಟ್‌ನ ಪಿ-ಸೆಲೆಕ್ಟಿನ್ ಹಿಡಿದು ಉರುಳುತ್ತವೆ, ಕೆಲವು ಮ್ಯಾಕ್-1 ಎಂಬ ತಮ್ಮದೇ ಇಂಟೆಗ್ರಿನ್ ಮೂಲಕ ಗಟ್ಟಿಯಾಗಿ ನಿಲ್ಲುತ್ತವೆ. ಈ ನಿಧಾನ ಹರಿವಿನಲ್ಲಿ ಟ್ಯೂಬಿನೊಳಗೆ ಕೆಂಪು ಕಣ ತಳಕ್ಕಿಳಿಯುತ್ತದೆ, ಆಗಾಗ ಮೆಲ್ಲನೆ ತಿರುಗಿಸಿ.

ಬಿಳಿ ಕಣ ಬರದಿದ್ದರೆ ಮೊದಲು ಗುಡ್ಡೆಗಳನ್ನು ನೋಡಿ. ಪ್ಲೇಟ್‌ಲೆಟ್ ಚುರುಕಾಗದಿದ್ದರೆ ಪಿ-ಸೆಲೆಕ್ಟಿನ್ ಹೊರಬರುವುದಿಲ್ಲ. ಗುಡ್ಡೆ ಚೆನ್ನಾಗಿದ್ದೂ ಬರದಿದ್ದರೆ ರಕ್ತ ಹಳೆಯದೇ, ಹೆಪಾರಿನ್ ಬೆರೆತಿದೆಯೇ ನೋಡಿ. ಬಂದಾಗಲೂ ಪಿ-ಸೆಲೆಕ್ಟಿನ್ ತಡೆಯುವ ಪ್ರತಿಕಾಯ ಹಾಕಿ ಇನ್ನೊಂದು ಓಟ ಮಾಡಿ. ಉರುಳುವಿಕೆ ತಗ್ಗದಿದ್ದರೆ ನೀವು ನೋಡಿದ್ದು ಬೇರೇನೋ.