ಮೆರೈನ್ ವಿಎಚ್‌ಎಫ್ ಟೆಸ್ಟಿಂಗ್: ಸೆಟ್ಟಿಗಿಂತ ಮೊದಲು ಬೆಂಚು

ಮೆರೈನ್ ವಿಎಚ್‌ಎಫ್ ಸೆಟ್ (ಹಡಗು, ದೋಣಿಗಳ ರೇಡಿಯೋ) ಟೆಸ್ಟಿನಲ್ಲಿ ಫೇಲ್ ಆಯಿತು ಅಂದಾಗ ನಾನು ಮೊದಲು ಅನುಮಾನಿಸುವುದು ಸೆಟ್ಟನ್ನಲ್ಲ, ಬೆಂಚನ್ನು, ಅಂದರೆ ನಮ್ಮ ಅಳತೆಯ ಜೋಡಣೆಯನ್ನು. ಕೇಬಲ್, ಅಡಾಪ್ಟರ್, ಪವರ್ ಸಪ್ಲೈ, ಇಲ್ಲವೇ ರಿಪೋರ್ಟಿನಲ್ಲಿ ಬರೆದ ಯೂನಿಟ್: ಇವುಗಳಲ್ಲೊಂದು ಕೈಕೊಟ್ಟಿರುವುದೇ ಹೆಚ್ಚು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳಿಗೆ ಬರುವ ಹೊಸ ಇಂಜಿನಿಯರ್‌ಗಳಿಗೆ ವೈ-ಫೈ, ಬ್ಲೂಟೂತ್ ಚೆನ್ನಾಗಿ ಗೊತ್ತು. 25 ವಾಟಿನ ಎಫ್‌ಎಂ ಸೆಟ್ಟನ್ನು ಮಾತ್ರ ಮುಟ್ಟಿರುವುದಿಲ್ಲ. ಅವರಿಗೆಂದು ನಾನು ಅನುಸರಿಸುವ ಕ್ರಮ ಇದು.

ಬೆಂಚಿನ ಮೇಲೆ ಆಂಟೆನಾ ಇಡುವುದೇ ಇಲ್ಲ. ಚಾನೆಲ್ 16 (156.800 ಮೆಗಾಹರ್ಟ್ಸ್) ಅಪಾಯದ ಕರೆಗೆ, ಚಾನೆಲ್ 70 (156.525) ಡಿಎಸ್‌ಸಿಗೆ (ಮಾತಿನ ಬದಲು ಡಿಜಿಟಲ್ ಸಂಕೇತದಲ್ಲಿ ಕರೆ ಕಳಿಸುವ ವ್ಯವಸ್ಥೆ) ಮೀಸಲು. "ಮಂಗಳೂರು ಅಷ್ಟು ದೂರ ಇದೆ, ಇಲ್ಲಿ ಯಾರು ಕೇಳಿಸಿಕೊಳ್ತಾರೆ" ಅನ್ನುವ ಮಾತಿಗೆ ಬೆಲೆಯಿಲ್ಲ. ಸೆಟ್ಟಿನ ಔಟ್‌ಪುಟ್ ನೇರವಾಗಿ 30 ಡಿಬಿ, 50 ವಾಟಿನ ಅಟೆನ್ಯುಯೇಟರ್‌ಗೆ (ಸಂಕೇತವನ್ನು ಕುಗ್ಗಿಸುವ ಸಾಧನ) ಹೋಗಬೇಕು. 25 ವಾಟ್ ಅಂದರೆ 44 ಡಿಬಿಎಂ (1 ಮಿಲಿವಾಟಿಗೆ ಹೋಲಿಸಿದ ಡಿಬಿ ಲೆಕ್ಕ). ಮೀಟರಿಗೆ ತಲುಪುವುದು 14 ಡಿಬಿಎಂ.

ಪವರ್ ಕಡಿಮೆ ತೋರಿಸಿದರೆ ಅಡಾಪ್ಟರ್ ಬಿಚ್ಚಿ ನೋಡಿ. ಈ ಸೆಟ್ಟುಗಳ ಹಿಂದೆ ಇರುವುದು ಎಸ್‌ಒ 239 ಸಾಕೆಟ್, ನಮ್ಮ ಕೇಬಲ್ ಎನ್ ಟೈಪ್. ನಡುವಿನ ಅಡಾಪ್ಟರ್ ದಿನವಿಡೀ ತಿರುಗಿಸಿ ತಿರುಗಿಸಿ ಸವೆದಿರುತ್ತದೆ. ಬರೀ 0.5 ಡಿಬಿ ಹೋದರೂ 25 ವಾಟ್ 22.3 ಎಂದು ತೋರಿಸುತ್ತದೆ. ಲೈನಿನವರು ಅದನ್ನು ನೋಡಿ ಪವರ್ ಟ್ರಿಮ್ (ಸೆಟ್ಟಿನ ಪವರ್ ಹೊಂದಾಣಿಕೆ) ಏರಿಸಿಬಿಟ್ಟರೆ ಸೆಟ್ಟು 25 ವಾಟಿನ ಮಿತಿ ದಾಟಿ ಹೊರಗೆ ಹೋಗುತ್ತದೆ. ಅದಕ್ಕೇ ಪ್ರತಿ ಶಿಫ್ಟಿನ ಮೊದಲು 156.8ರಲ್ಲಿ ಕೇಬಲ್, ಅಡಾಪ್ಟರ್, ಅಟೆನ್ಯುಯೇಟರ್ ಮೂರನ್ನೂ ಜೋಡಿಸಿ ಒಟ್ಟು ಲಾಸ್ ಅಳೆದು ಮೀಟರಿನಲ್ಲಿ ಅಷ್ಟೇ ಆಫ್‌ಸೆಟ್ ಹಾಕುತ್ತೇನೆ.

ಸಪ್ಲೈನದೂ ಇದೇ ಕಥೆ. ಹಡಗಿನ ಉಪಕರಣಗಳ ಮಾನದಂಡ ಐಇಸಿ 60945 ಪ್ರಕಾರ 12 ವೋಲ್ಟಿನ ಸೆಟ್ಟು 10.8ರಿಂದ 15.6ರವರೆಗೆ ಕೆಲಸ ಮಾಡಬೇಕು. ಫುಲ್ ಪವರ್ ಟ್ರಾನ್ಸ್‌ಮಿಟ್‌ನಲ್ಲಿ 5-6 ಆಂಪಿಯರ್ ಎಳೆಯುತ್ತದೆ. 2 ಮೀಟರ್ ಉದ್ದದ 2.5 ಚದರ ಮಿ.ಮೀ. ಜೋಡಿ ವೈರಿನಲ್ಲೇ 0.16 ವೋಲ್ಟಿನಷ್ಟು ಬೀಳುತ್ತದೆ, ಫ್ಯೂಸ್ ಹೋಲ್ಡರ್, ಕ್ರೊಕೊಡೈಲ್ ಕ್ಲಿಪ್ ಸೇರಿದರೆ ಇನ್ನೂ ಜಾಸ್ತಿ. ಸಪ್ಲೈ ಮುಖದಲ್ಲಿ 10.8 ಇದ್ದರೆ ಸಾಲದು. ಪಿಟಿಟಿ (ಮೈಕಿನ ಮಾತಾಡುವ ಬಟನ್) ಒತ್ತಿದಾಗ ಸೆಟ್ಟಿನ ಟರ್ಮಿನಲ್‌ನಲ್ಲಿ 10.8 ಇರಬೇಕು.

ಇನ್ನು ಸೆನ್ಸಿಟಿವಿಟಿ, ಅಂದರೆ ಸೆಟ್ಟು ಎಷ್ಟು ಕ್ಷೀಣ ಸಂಕೇತವನ್ನು ಹಿಡಿಯಬಲ್ಲದು ಎಂಬುದು. ಜಗಳ ಹೆಚ್ಚು ಆಗುವುದು ಇಲ್ಲೇ. ಯುರೋಪಿನ ಮಾನದಂಡ ಇಎನ್ 300 162ರಲ್ಲಿ ಮಿತಿ 6 ಡಿಬಿ ಮೈಕ್ರೋವೋಲ್ಟ್, ಅಂದರೆ 2 ಮೈಕ್ರೋವೋಲ್ಟ್, ಇಎಂಎಫ್ (ಲೋಡ್ ಇಲ್ಲದಾಗಿನ ವೋಲ್ಟೇಜ್) ಲೆಕ್ಕದಲ್ಲಿ. 1 ಕಿಲೋಹರ್ಟ್ಸ್ ಟೋನ್, 3 ಕಿಲೋಹರ್ಟ್ಸ್ ಡೀವಿಯೇಷನ್ (ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ), 20 ಡಿಬಿ ಸಿನಾಡ್ (ಟೋನಿಗೂ ಗದ್ದಲ, ವಿಕೃತಿಗೂ ಇರುವ ಅನುಪಾತ), ಸೋಫೊಮೆಟ್ರಿಕ್ (ಕಿವಿಗೆ ಕೇಳುವ ರೀತಿಯಲ್ಲಿ ತೂಗುವ) ಫಿಲ್ಟರ್ ಆನ್. ಇಎಂಎಫ್ 2 ಮೈಕ್ರೋವೋಲ್ಟ್ ಅಂದರೆ 50 ಓಮ್ ಲೋಡಿನ ಮೇಲೆ ಬರುವುದು 1 ಮೈಕ್ರೋವೋಲ್ಟ್, ಅಂದರೆ -107 ಡಿಬಿಎಂ. ಸಿಗ್ನಲ್ ಜನರೇಟರ್ ಪಿಡಿ (ಲೋಡಿನ ಮೇಲಿನ ವೋಲ್ಟೇಜ್) ತೋರಿಸುತ್ತಿದೆಯೋ ಇಎಂಎಫ್ ತೋರಿಸುತ್ತಿದೆಯೋ ನೋಡದೆ ಅಳೆದರೆ 6 ಡಿಬಿ ತಪ್ಪು ಗ್ಯಾರಂಟಿ. ಒಂದು ಲ್ಯಾಬಿನಲ್ಲಿ ಪಾಸಾದ ಸೆಟ್ಟು ಇನ್ನೊಂದರಲ್ಲಿ ಫೇಲ್. ಡೇಟಾಶೀಟಿನ "12 ಡಿಬಿ ಸಿನಾಡ್‌ಗೆ 0.25 ಮೈಕ್ರೋವೋಲ್ಟ್" ಬೇರೆಯದೇ ಅಳತೆ, ಅದರ ಜೊತೆ ಹೋಲಿಸಬೇಡಿ. ನಾನು ಎಲ್ಲವನ್ನೂ ಡಿಬಿಎಂನಲ್ಲೇ ಬರೆಯುತ್ತೇನೆ, ವಾದಕ್ಕೆ ಎಡೆಯಿರುವುದಿಲ್ಲ. ಸ್ಪೀಕರ್ ತೆಗೆದು ಅದೇ ಓಮ್‌ನ ರೆಸಿಸ್ಟರ್ ಹಾಕಿ, ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಸದ್ದು ಅಡಗಿಸುವ ವ್ಯವಸ್ಥೆ) ತೆರೆದಿಡಿ. ಜನರೇಟರ್ ಜೋಡಿಸಿರುವಾಗ ಮೈಕ್ ಕಳಚಿಡಿ. ಯಾರಾದರೂ ಪಿಟಿಟಿ ಒತ್ತಿದರೆ 25 ವಾಟ್ ಹಿಮ್ಮುಖವಾಗಿ ನುಗ್ಗಿ ಜನರೇಟರಿನ ಔಟ್‌ಪುಟ್ ಸುಟ್ಟುಹೋಗುತ್ತದೆ.

ಡಿಎಸ್‌ಸಿಗೆ 1200 ಬಾಡ್, 1300 ಮತ್ತು 2100 ಹರ್ಟ್ಸ್ ಟೋನ್. ಮಾಡ್ಯುಲೇಷನ್ ಇಂಡೆಕ್ಸ್ (ಡೀವಿಯೇಷನ್ ಟೋನಿನ ಎಷ್ಟು ಪಟ್ಟು ಎಂಬುದು) 2, ಹಾಗಾಗಿ ಡೀವಿಯೇಷನ್ 2.6 ಮತ್ತು 4.2 ಕಿಲೋಹರ್ಟ್ಸ್ ಆಸುಪಾಸು ಬರಬೇಕು. ಎರಡೂ ಸಮ ಬಂದರೆ ಡಿಎಸ್‌ಸಿ ಸಿಗ್ನಲ್ ಪ್ರಿ-ಎಂಫಸಿಸ್ (ಎತ್ತರದ ಟೋನುಗಳನ್ನು ಹೆಚ್ಚಿಸುವ ಹಂತ) ದಾಟಿದ ಮೇಲೆ ಸೇರಿಕೊಳ್ಳುತ್ತಿದೆ ಎಂದರ್ಥ. ಟ್ರಿಮ್ ತಿರುಗಿಸಿ ಸರಿಮಾಡಲು ಹೋಗಬೇಡಿ, ಬೋರ್ಡ್ ನೋಡಿ. ಎಂಎಂಎಸ್‌ಐ ನಂಬರನ್ನು (ಡಿಎಸ್‌ಸಿಗೆ ಬೇಕಾದ ಹಡಗಿನ ಗುರುತಿನ ಸಂಖ್ಯೆ) ಸರ್ವಿಸ್ ಮೋಡಿನಲ್ಲಿ ಮಾತ್ರ ತುಂಬಿ, ಕಳಿಸುವ ಮುಂಚೆ ಅಳಿಸಿ. ಬಹಳಷ್ಟು ಸೆಟ್ಟುಗಳಲ್ಲಿ ಬಳಕೆದಾರ ಒಮ್ಮೆ ಹಾಕಿದರೆ ಮತ್ತೆ ಬದಲಾಯಿಸಲಾಗದು.

ಚೇಂಬರಿನ (ಬಿಸಿ, ತಣ್ಣಗೆ ಮಾಡಿ ಪರೀಕ್ಷಿಸುವ ಪೆಟ್ಟಿಗೆ) ವಿಷಯ. ಒಳಾಂಗಣ ಸೆಟ್ಟಿಗೆ -15, ಡೆಕ್ಕಿನ ಮೇಲಿನದಕ್ಕೆ -25, ಮೇಲಿನ ಮಿತಿ ಎರಡಕ್ಕೂ 55 ಡಿಗ್ರಿ. ಮಳೆಗಾಲದಲ್ಲಿ ತಣ್ಣಗಿರುವಾಗಲೇ ಬಾಗಿಲು ತೆಗೆದರೆ ಕನೆಕ್ಟರ್ ಮೇಲೆ ನೀರು ಕಟ್ಟುತ್ತದೆ, ರೀಡಿಂಗ್ ಕುಣಿಯುತ್ತದೆ. ರೂಮಿನ ಬಿಸಿಗೆ ಬರುವವರೆಗೆ ಕಾಯಿರಿ.

ಉಪ್ಪಿನ ಗಾಳಿ ಮೈಸೂರಿನಲ್ಲಿಲ್ಲ, ನಾವೇ ಮಾಡಿಕೊಳ್ಳಬೇಕು: 50 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್, 950 ಗ್ರಾಂ ಡಿಸ್ಟಿಲ್ಡ್ ನೀರು. ಅಡುಗೆ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ, ನಲ್ಲಿ ನೀರಿನಲ್ಲಿ ಇನ್ನೇನೇನೋ; ಎರಡೂ ಬೇಡ. 2 ಗಂಟೆ ಸಿಂಪಡಿಸಿ, 40 ಡಿಗ್ರಿ, 90-95 ಶೇಕಡ ತೇವದಲ್ಲಿ 7 ದಿನ. ಹೀಗೆ 4 ಸಲ. ಆಮೇಲೆ ಮೊದಲು ನೋಡಬೇಕಾದದ್ದು ಸ್ಟೀಲ್ ಸ್ಕ್ರೂ ಅಲ್ಯುಮಿನಿಯಂ ಬಾಡಿಗೆ ತಾಗುವ ಜಾಗ, ಆಮೇಲೆ ಮೈಕ್ ವೈರ್ ಒಳಹೋಗುವ ಗ್ಲಾಂಡ್. ಬಿಳಿ ಪುಡಿ ಕಾಣುವುದು ಅಲ್ಲೇ.

ಇಪಿಐಆರ್‌ಬಿ (ಹಡಗು ಅಪಾಯದಲ್ಲಿದ್ದಾಗ ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್) ಟೆಸ್ಟಿಗೆ ಬಂದರೆ ಶೀಲ್ಡ್ ಬಾಕ್ಸ್ ಬಿಟ್ಟು ಹೊರಗೆ ಆನ್ ಮಾಡಲೇಬೇಡಿ. 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹದ ಮೂಲಕ ಅಪಾಯದ ಕರೆಯಾಗಿ ಬೆಂಗಳೂರಿನ ಮಿಷನ್ ಕಂಟ್ರೋಲ್ ಸೆಂಟರಿಗೆ ಹೋಗುತ್ತದೆ. ಸೆಲ್ಫ್ ಟೆಸ್ಟ್‌ನಲ್ಲಿ ಒಂದೇ ಬರ್ಸ್ಟ್ ಬರಬೇಕು, ಫ್ರೇಮ್ ಸಿಂಕ್ (ಸಂದೇಶದ ಆರಂಭ ಗುರುತಿಸುವ ಬಿಟ್‌ಗಳು) ನಿಜವಾದ ಕರೆಯ 000101111 ಬದಲು 011010000 ಇರಬೇಕು. ಡಿಕೋಡರಿನಲ್ಲಿ ಇದನ್ನು ಓದದೆ ಪಾಸ್ ಸೀಲ್ ಹಾಕುವುದಿಲ್ಲ.