ಎರಡನೇ ಕ್ಲಾಸಿನ ನೋಟ್‌ಬುಕ್ ನೋಡಿ ಎಲ್‌ಕೆಜಿ ಸೀಟು ತಗೊಂಡೆ

ಮಗಳ 1ನೇ ತರಗತಿ ಮುಗಿಯುತ್ತಾ ಬಂತು. "ರೋಡಿಂದ ಬೋರ್ಡೂ ಕಾಣದ ಸ್ಕೂಲಿಗೆ ಹಾಕ್ತಿದ್ದೀರಲ್ಲ ಅತ್ತಿಗೆ" ಅಂತ ಮೂಗು ಮುರಿದಿದ್ದ ನಾದಿನಿ ಈಚೆಗೆ ಅದೇ ಸ್ಕೂಲಿನ ಆಫೀಸ್ ನಂಬರ್ ಕೇಳಿದಳು. ಇನ್ನು ಬರೆಯಬಹುದು ಅನ್ನಿಸಿತು. ಸಿಬಿಎಸ್‌ಇ, ಸ್ಟೇಟ್ ಅಂತ ಯಾವ ಪರೀಕ್ಷಾ ಬೋರ್ಡು ಹೇಗೆ, ಮಾಂಟೆಸರಿ ಅಂದರೇನು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನು ಬಿಟ್ಟು, ಬೆಂಗಳೂರಿನ ಉತ್ತರಹಳ್ಳಿ ಕಡೆ ನಾನು ಹುಡುಕಿದ ರೀತಿಯನ್ನಷ್ಟೇ ಹೇಳುತ್ತೇನೆ.

ಮೊದಲು ದುಡ್ಡು ಹೋದ ಕಥೆ. 2022ರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಹೊಗಳಿದ ಒಂದು ಪ್ರೀಸ್ಕೂಲಿಗೆ ನರ್ಸರಿಗೆ ಸೇರಿಸಿದೆವು. ಅಡ್ಮಿಷನ್ ಫೀ 30 ಸಾವಿರದ ಹತ್ತಿರ, ವರ್ಷದ ಫೀ ಸುಮಾರು 85 ಸಾವಿರ, ಕಿಟ್ ಅಂತ ಇನ್ನೊಂದು 12. ದೀಪಾವಳಿ ಹೊತ್ತಿಗೆ ಮೂರನೇ ಟೀಚರ್ ಬಂದಿದ್ದರು. ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಮುಖ. ಮಗಳು ಗೇಟ್ ಹತ್ತಿರವೇ ಅಳಲು ಶುರು ಮಾಡಿದಳು. ಬಿಡಿಸಿದೆವು. ಮೊದಲೇ ಪೂರ್ತಿ ವರ್ಷದ್ದು ಕಟ್ಟಿಸಿಕೊಂಡಿದ್ದರು, ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ಆಮೇಲೆ ನನ್ನ ಗಂಡ ಎಕ್ಸೆಲ್ ಶೀಟ್ ತೆರೆದರು. ದೂರ, ಫೀ, ಮೈದಾನ, ಈಜುಕೊಳ, ಎಲ್ಲಕ್ಕೂ ಅಂಕ. ಫಸ್ಟ್ ಬಂದ ಸ್ಕೂಲಿಗೆ ಹೋಗಿ ಕೇಳಿದರೆ ಈಜುಕೊಳ 3ನೇ ಕ್ಲಾಸಿನ ಮೇಲಿನವರಿಗಂತೆ! ಅಪ್ಪ ಅಮ್ಮಂದಿರನ್ನು ಕರೆದು ಸ್ಕೂಲು ತೋರಿಸುವ ಓಪನ್ ಹೌಸ್‌ಗಳೂ ಆದವು. ಎಸಿ ಹಾಲ್, ಜ್ಯೂಸ್, ಡ್ರೋನ್ ವಿಡಿಯೊ. ಪಾಠ ಮಾಡುವ ಟೀಚರ್ ಒಬ್ಬರೂ ಬಾಯಿ ಬಿಡಲಿಲ್ಲ, ಮಾತೆಲ್ಲ ಮಾರ್ಕೆಟಿಂಗಿನವರದೇ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಡೊನೇಷನ್ ತಗೊಳ್ಳಬಾರದು, ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸಬಾರದು ಅನ್ನುತ್ತದೆ. ಆದರೂ ಒಂದು ಕಡೆ ನಮ್ಮಿಬ್ಬರ ಡಿಗ್ರಿ ಕೇಳಿದರು, ಮಗಳಿಗೆ ಬಣ್ಣ ಗುರುತಿಸು ಅಂದರು. ಅರ್ಜಿ ಫಾರ್ಮುಗಳಿಗೇ ಆ ವರ್ಷ ನಾಲ್ಕೈದು ಸಾವಿರ ಸುರಿದಿರಬೇಕು.

ಎಲ್‌ಕೆಜಿ ರೂಮು ಅನ್ನೋದು ಬಟ್ಟೆ ಅಂಗಡಿಯ ಶೋಕೇಸ್ ಇದ್ದ ಹಾಗೆ. ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ನಾನು ಅದನ್ನು ನೋಡುವುದೇ ಬಿಟ್ಟೆ. ಹೋದ ಕಡೆಯೆಲ್ಲ "2ನೇ ಕ್ಲಾಸಿನ ಮಕ್ಕಳ ನೋಟ್‌ಬುಕ್ ತೋರಿಸ್ತೀರಾ?" ಅಂತ ಕೇಳಿದೆ. ಕೆಲವರು "ಹಾಗೆಲ್ಲ ತೋರಿಸೋದಿಲ್ಲ ಮೇಡಂ" ಅಂದರು. ಒಂದು ಕಡೆ ಮುತ್ತಿನಂಥ ಅಕ್ಷರದ ಒಂದೇ ಒಂದು ನೋಟ್‌ಬುಕ್ ತಂದಿಟ್ಟರು. ಇನ್ನೊಂದು ಕಡೆ ರಾಶಿಯನ್ನೇ ಕೊಟ್ಟರು, ಆದರೆ ಯಾವುದು ತೆರೆದರೂ ಅದೇ ವಾಕ್ಯಗಳು. ಬೋರ್ಡ್ ನೋಡಿ ನಕಲು ಮಾಡಿದ್ದು.

ಈಗಿನ ಸ್ಕೂಲಿನ ಹೆಡ್ ಮಿಸ್ ಮಾತ್ರ ಸೀದಾ ಕ್ಲಾಸಿಗೆ ಕರೆದುಕೊಂಡು ಹೋಗಿ ಕಪಾಟು ತೋರಿಸಿದರು. "ನಿಮಗೆ ಬೇಕಾದ್ದು ನೀವೇ ತಗೊಳ್ಳಿ." ನಡುವಿನಿಂದ ಒಂದು ಎಳೆದೆ. ಕನ್ನಡ ನೋಟ್‌ಬುಕ್. ಒಬ್ಬ ಹುಡುಗ ಮಳೆ ಬಂದ ದಿನದ ಬಗ್ಗೆ ನಾಲ್ಕೈದು ಸಾಲು ಬರೆದಿದ್ದ. ಮಳೆಯೆಲ್ಲ 'ಮಲೆ' ಆಗಿತ್ತು. ಟೀಚರ್ ಕೆಂಪು ಇಂಕಿನಲ್ಲಿ ಗೀಚಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಮಳೆ' ಅಂತ ಒಮ್ಮೆ ಬರೆದು, ಕೆಳಗೆ "ಆಮೇಲೆ ಕೊಡೆ ಸಿಕ್ಕಿತಾ?" ಅಂತ ಕೇಳಿದ್ದರು. ಅದರ ಕೆಳಗೆ ಹುಡುಗನ ಉತ್ತರ: "ಇಲ." ಅಲ್ಲೇ ನನ್ನ ಮನಸ್ಸು ಅರ್ಧ ತೀರ್ಮಾನ ಮಾಡಿತ್ತು.

ಮಾಂಟೆಸರಿ, ಅಂದರೆ ಮಕ್ಕಳು ಸಾಮಾನು ಮುಟ್ಟಿ ತಾವೇ ಕಲಿಯುವ ಪದ್ಧತಿ, ಅಂತ ಬೋರ್ಡ್ ಇದ್ದರೆ ಒಂದರ ಮೇಲೊಂದು ಜೋಡಿಸುವ ಪಿಂಕ್ ಟವರ್ ನೋಡಿ. ಮಾಂಟೆಸರಿ ಅನ್ನೋ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಾಗಾಗಿ ಬೋರ್ಡ್ ನಂಬಿ ಕೂರಬೇಡಿ. ಟವರಿನಲ್ಲಿ ಗುಲಾಬಿ ಬಣ್ಣದ 10 ಚೌಕ ಮರದ ತುಂಡುಗಳು, 10 ಸೆಂಟಿಮೀಟರಿನಿಂದ 1 ಸೆಂಟಿಮೀಟರಿನವರೆಗೆ. ಕೊನೆಯ ಆ ಪುಟಾಣಿ ತುಂಡು ಇದೆಯಾ? ಮಕ್ಕಳು ದಿನಾ ಮುಟ್ಟುವ ಕಡೆ ಮೂಲೆ ಸವೆದಿರುತ್ತದೆ, ಬಣ್ಣ ಹೋಗಿರುತ್ತದೆ, ಆದರೆ ತುಂಡು ಇರುತ್ತದೆ. ಯಾರೋ ಸಂಜೆ ಎಣಿಸಿ ಇಡುತ್ತಾರೆ ಅಂತ ಅರ್ಥ. ಕಾಣೆಯಾಗಿದ್ದರೆ ಎಣಿಸುವವರೇ ಇಲ್ಲ ಅಂತ. ಗಾಜಿನ ಬೀರುವಿನಲ್ಲಿ ಹತ್ತೂ ಫಳಫಳ ಹೊಳೆಯುತ್ತಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಸ್ಕೂಲು ಬಿಡುವ ಹೊತ್ತಿಗೆ ಗೇಟ್ ಹತ್ತಿರ ನಿಲ್ಲುವುದು ನನ್ನ ಇನ್ನೊಂದು ಕೆಲಸ. ವ್ಯಾನ್ ಡ್ರೈವರ್‌ಗಳಿಗೆ ಗೊತ್ತಿಲ್ಲದ ವಿಷಯವಿಲ್ಲ. ನಾವು ಬಹುತೇಕ ಒಪ್ಪಿದ್ದ ಒಂದು ಸ್ಕೂಲಿನ ಬಗ್ಗೆ ಡ್ರೈವರ್ ಒಬ್ಬರು "ಮಿಸ್‌ಗಳಿಗೆ ಎರಡು ತಿಂಗಳಿಂದ ಸಂಬಳ ಆಗಿಲ್ಲ ಮೇಡಂ" ಅಂದರು. ಅಷ್ಟೇ ಸಾಕಾಯಿತು. ಆಯಾ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ, ಅದನ್ನೂ ಕಿವಿಗೊಟ್ಟು ಕೇಳಿ. ಆಯಾಗೆ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲ ಕಡೆ ಉತ್ತರ ರೆಡಿ ಮಾಡಿಸಿಡುತ್ತಾರೆ!

ಮಾನ್ಯತೆ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರದ ಲೆಕ್ಕದಲ್ಲಿ ಶಾಲೆಯನ್ನು ಗುರುತಿಸುವ 11 ಅಂಕಿಯ ಯು-ಡೈಸ್ ಕೋಡ್ ಕೇಳಿ, ನಮ್ಮ ರಾಜ್ಯದ್ದು 29ರಿಂದ ಶುರು. ಸಿಬಿಎಸ್‌ಇ ಸ್ಕೂಲು ಅಂತ ಹೇಳಿದರೆ ಆ ಬೋರ್ಡು ಕೊಟ್ಟ ಅಫಿಲಿಯೇಷನ್ ನಂಬರ್ ತಗೊಂಡು ಬೋರ್ಡಿನ ವೆಬ್‌ಸೈಟಿನಲ್ಲೇ ನೋಡಿ. "ಪ್ರೋಸೆಸ್‌ನಲ್ಲಿದೆ" ಅಂದರೆ ಇಲ್ಲ ಅಂತಲೇ ತಿಳಿದುಕೊಳ್ಳಿ.

ನಡುವೆ ಒಂದು ಪ್ರಯೋಗ. ಪ್ರೀಸ್ಕೂಲ್ ಬಿಡಿಸಿದ ಮೇಲೆ ಸುಮ್ನೆ ಮನೆಯಲ್ಲಿ ಯಾಕೆ ಅಂತ ಹಿಂದಿನ ಬೀದಿಯ ಅಂಗನವಾಡಿಗೆ ಕಳಿಸಿದೆ. ಅಪಾರ್ಟ್‌ಮೆಂಟಿನಲ್ಲಿ ಅದೇ ದೊಡ್ಡ ಸುದ್ದಿ. ಕೆಲವೇ ವಾರದಲ್ಲಿ ಮಗಳು ತನ್ನ ಕೈಯಾರೆ ಊಟ ಮಾಡಲು ಕಲಿತಳು, ಹಾಡು ಹೇಳಿಕೊಂಡು ಬಂದಳು. ಲಕ್ಷ ರೂಪಾಯಿಯ ಪ್ರೀಸ್ಕೂಲಿನಲ್ಲಿ ಆಗದ ಕೆಲಸ. ಮನೆಯಲ್ಲಿ ತಟ್ಟೆಗೆ ರಾಗಿ ಹರಡಿ ಬೆರಳಲ್ಲಿ ಅಕ್ಷರ ಬರೆಸುವುದನ್ನೂ ಮಾಡಿದೆ. ಅಕ್ಷರಕ್ಕಿಂತ ರಾಗಿ ಗುಡಿಸಿದ್ದೇ ಜಾಸ್ತಿ.

ಈಗ ಲೆಕ್ಕ. ಮೊದಲ ವರ್ಷದ ಫೀ ನೋಡಿ ಮೋಸಹೋಗಬೇಡಿ, 5ನೇ ಕ್ಲಾಸಿನವರೆಗೆ ಒಟ್ಟು ಹಾಕಿ. ನಮ್ಮದು 2023ರಲ್ಲಿ ಎಲ್‌ಕೆಜಿಗೆ ಸುಮಾರು 62 ಸಾವಿರ. ಈಜುಕೊಳದ ಸ್ಕೂಲು 1.6 ಲಕ್ಷ, ಜೊತೆಗೆ ಅಡ್ಮಿಷನ್ 75 ಸಾವಿರ. ವರ್ಷಕ್ಕೆ 10% ಏರಿಕೆ ಹಿಡಿದರೂ ಏಳು ವರ್ಷಕ್ಕೆ ಒಂದು 6 ಲಕ್ಷದೊಳಗೆ, ಇನ್ನೊಂದು 16ರ ಹತ್ತಿರ. ನಮ್ಮ ವ್ಯಾನಿಗೆ ತಿಂಗಳಿಗೆ 1,800 ಬೇರೆ. ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ರಸೀದಿಯಲ್ಲಿ ಟ್ಯೂಷನ್ ಫೀ ಬೇರೆಯಾಗಿ ತೋರಿಸಲು ಹೇಳಿ. ತೆರಿಗೆ ವಿನಾಯಿತಿ ಸಿಗೋದು ಅದಕ್ಕೆ ಮಾತ್ರ, ಡೆವಲಪ್‌ಮೆಂಟ್ ಫೀಗೆ ಇಲ್ಲ.

ವಯಸ್ಸಿನ ಗಲಾಟೆಯಲ್ಲೂ ಹೆಡ್ ಮಿಸ್ ನಮ್ಮ ದುಡ್ಡು ಉಳಿಸಿದರು. ಮಗಳು ಹುಟ್ಟಿದ್ದು 2019ರ ಆಗಸ್ಟ್. 1ನೇ ತರಗತಿಗೆ ಜೂನ್ 1ಕ್ಕೆ 6 ತುಂಬಿರಬೇಕು ಅನ್ನುವ ನಿಯಮ 2025ಕ್ಕೆ ಜಾರಿಯಾಗುವುದರಲ್ಲಿತ್ತು. ಪರಿಚಯದವರ ಮಕ್ಕಳಿಗೆ ಬೇರೆ ಸ್ಕೂಲಿನವರು ಜನವರಿಯಲ್ಲೇ ಯುಕೆಜಿ ರಿಪೀಟ್ ಅಂತ ಇನ್ನೊಂದು ವರ್ಷದ ಫೀ ಕಟ್ಟಿಸಿಕೊಂಡರು. ನಮ್ಮ ಹೆಡ್ ಮಿಸ್ "ಅವಸರ ಬೇಡ, ಏಪ್ರಿಲ್ ತನಕ ಕಾಯೋಣ" ಅಂದರು. ಏಪ್ರಿಲ್‌ನಲ್ಲಿ ಸರ್ಕಾರ ಆ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಒಂದು ವರ್ಷ, ಸುಮಾರು 75 ಸಾವಿರ ಉಳಿಯಿತು.

ಮಗಳು ಈಗ ಕನ್ನಡ ಕಥೆ ಪುಸ್ತಕ ತಾನೇ ಓದುತ್ತಾಳೆ. ಇಂಗ್ಲಿಷ್ ಸ್ವಲ್ಪ ನಿಧಾನ, ನಮ್ಮ ಅತ್ತೆಗೆ ಅದೊಂದೇ ಚಿಂತೆ. ಎಲ್‌ಕೆಜಿಯಿಂದ ಈವರೆಗೆ ಟೀಚರ್ ಒಬ್ಬರೇ. ನಮ್ಮ ಬ್ಲಾಕಿನ ಇನ್ನೂ ಮೂರ್ನಾಲ್ಕು ಮನೆಯವರು ನನ್ನನ್ನು ಕೇಳಿಯೇ ಅಲ್ಲಿಗೆ ಸೇರಿಸಿದ್ದಾರೆ. ಸಮಸ್ಯೆ ಅಂದರೆ ಸ್ಕೂಲು 5ನೇ ಕ್ಲಾಸಿಗೆ ಮುಗಿಯುತ್ತದೆ. ಹಾಗಾಗಿ ಈಗಿನಿಂದಲೇ ಒಂದೆರಡು ಹೈಸ್ಕೂಲಿನ ಗೇಟ್ ಹತ್ತಿರ ನಿಲ್ಲಲು ಶುರು ಮಾಡಿದ್ದೇನೆ. ಒಂದು ಕಡೆ ಸೆಕ್ಯುರಿಟಿಯವರು "ನಿಮ್ಮ ಮಗು ಯಾವ ಸೆಕ್ಷನ್ ಮೇಡಂ?" ಅಂತ ಆಗಲೇ ವಿಚಾರಿಸಿದ್ದಾರೆ.