ಮಗಳ ಮುನಿಸು, ಎರಡೇ ಟಿಕೆಟ್, ಬಿಡದಿಯ ವಂಡರ್‌ಲಾ: ನನ್ನ ಅನುಭವ

ಒಬ್ಬರೇ ಪೋಷಕರು, ಹನ್ನೆರಡರ ಆಸುಪಾಸಿನ ಮಗು, ಮಂಗಳೂರಿನಿಂದ ಬೆಂಗಳೂರಿನ ಹತ್ತಿರದ ಬಿಡದಿಯ ವಂಡರ್‌ಲಾ ಥೀಮ್ ಪಾರ್ಕಿಗೆ ಪ್ರವಾಸ ಅಂದ ಕೂಡಲೇ ಬರುವ ಸಲಹೆ ಒಂದೇ: "ಇಬ್ಬರೇ ಹೋಗಬೇಡಿ, ಮನೆಯವರು ಯಾರಾದರೂ ಜೊತೆಗಿರಲಿ." ನಾನು ಹೇಳುವುದು ಇದಕ್ಕೆ ನೇರ ವಿರುದ್ಧ. ಇಬ್ಬರೇ ಹೋಗಬೇಕು. ರೋಲರ್‌ಕೋಸ್ಟರ್‌ನಲ್ಲಿ ಸೀಟು ಜೋಡಿ ಜೋಡಿಯಾಗಿರುತ್ತದೆ, ದೋಣಿ ರೈಡ್‌ಗಳಲ್ಲೂ ಟ್ಯೂಬ್‌ಗಳಲ್ಲೂ ಹೆಚ್ಚಾಗಿ ಹಾಗೆಯೇ. ಮೂವರು ಹೋದರೆ ಪ್ರತಿ ಸಲ ಒಬ್ಬರು ಅಪರಿಚಿತರ ಪಕ್ಕ ಕೂರಬೇಕು, ಆ ಒಬ್ಬರು ಯಾರೆಂಬುದಕ್ಕೇ ಜಗಳ. ಇಬ್ಬರಿದ್ದರೆ ನಡುವೆ ಸೀಟು ಖಾಲಿ ಉಳಿದಾಗ ಸಿಬ್ಬಂದಿಯೇ ಸಾಲಿನ ಹಿಂದಿನಿಂದ ಕರೆದು ಕೂರಿಸುವುದೂ ಉಂಟು.

ಸಂಬಂಧಿಕರನ್ನು ಕರೆದೊಯ್ಯುವ ಪ್ರಯೋಗವೂ ನಡೆದಿದೆ. ಎರಡು ವರ್ಷ ಸಣ್ಣ ಕಸಿನ್ ಜೊತೆಗಿದ್ದರೆ ಮಗಳು ಆಯಾ ಆಗುತ್ತಾಳೆ, ಮಧ್ಯಾಹ್ನದೊಳಗೆ ಮುಖ ಗಂಟು. ಅಜ್ಜಿ ಬಂದರೆ ದಿನವಿಡೀ ಚೀಲ ಕಾಯುತ್ತಾ ಬಿಸಿಲಲ್ಲಿ ಕೂತಿರುತ್ತಾರೆ, ಅವರ ಸಂಕಟ ನೋಡಲಾರದೆ ಮೂರು ಗಂಟೆಗೇ ಹೊರಡಬೇಕಾಗುತ್ತದೆ. ಚೀಲ ಕಾಯಲಿಕ್ಕೆ ಲಾಕರ್ ಸಾಕು.

ದಿನದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಶನಿವಾರ, ಭಾನುವಾರ ಬೇಡವೇ ಬೇಡ. ವಾರದ ದಿನ ಅಂದರೂ ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಒಂದೇ ಯೂನಿಫಾರ್ಮಿನ ನೂರಾರು ಮಕ್ಕಳ ನಡುವೆ ಅಪ್ಪನ ಜೊತೆ ನಿಲ್ಲುವುದು ಆ ವಯಸ್ಸಿಗೆ ದೊಡ್ಡ ಅವಮಾನ. ನಮ್ಮ ಕಡೆ ರಜೆ, ಬೆಂಗಳೂರಿಗೆ ಕೆಲಸದ ದಿನ, ಅಂಥದ್ದನ್ನು ಹುಡುಕಬೇಕು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಮೇರಿ ಮಾತೆಯ ಜನ್ಮದಿನದ ಹಬ್ಬ) ಕರಾವಳಿಯ ಕ್ರೈಸ್ತ ಸಂಸ್ಥೆಗಳ ಶಾಲೆಗಳಿಗೆ ರಜೆ ಇರುತ್ತದೆ, ಅದು ವಾರದ ನಡುವೆ ಬಿದ್ದರೆ ಬಂಗಾರದ ದಿನ. ಫೆಬ್ರವರಿಯೂ ಒಳ್ಳೆಯದೇ, ಆದರೆ ಪರೀಕ್ಷೆ ಹತ್ತಿರ.

ಹೋಗಲಿಕ್ಕೆ ರಾತ್ರಿ ಬಸ್ ಹಿಡಿದು ಬೆಳಿಗ್ಗೆ ಇಳಿದು ನೇರ ಪಾರ್ಕಿಗೆ ನುಗ್ಗುವುದು ಎಲ್ಲರ ಮಾಮೂಲಿ ಪ್ಲ್ಯಾನ್. ಒಂದು ರಾತ್ರಿಯ ರೂಮಿನ ದುಡ್ಡು ಉಳಿಯುತ್ತದೆ ನಿಜ. ಆದರೆ ಶಿರಾಡಿಯ ತಿರುವುಗಳಲ್ಲಿ ಅರ್ಧ ನಿದ್ದೆಗೆಟ್ಟ ಮಗು ಬೆಳಿಗ್ಗೆ 11ಕ್ಕೆ ಗೇಟಿನಲ್ಲಿ ನಿಂತಾಗಲೇ ಸುಸ್ತು. ಮೂರು ಸಾವಿರದ ಟಿಕೆಟ್ ನೆಲಕ್ಕೆ ಸುರಿದಂತೆ. ಹೋಗುವಾಗ ಹಗಲು ರೈಲು, ಬರುವಾಗ ರಾತ್ರಿ ಬಸ್, ಇದೇ ನನ್ನ ಕ್ರಮ. ಬರುವಾಗ ಹೇಗೂ ಸುಸ್ತಾಗಿ ನಿದ್ದೆ ಬರುತ್ತದೆ.

ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ವಾರದ ಕೆಲವು ದಿನ ಹಗಲು ರೈಲು ಉಂಟು, 2021ರಿಂದ ವಿಸ್ಟಾಡೋಮ್ ಬೋಗಿಯೂ ಇದೆ. ಬೆಳಿಗ್ಗೆ ಹನ್ನೊಂದೂವರೆ ಸುಮಾರಿಗೆ ಹೊರಟರೆ ರಾತ್ರಿ ಎಂಟೂವರೆಗೆ ಯಶವಂತಪುರ. ಘಾಟಿಯಲ್ಲಿ ಕಾಮಗಾರಿ ಅಥವಾ ಭೂಕುಸಿತ ಆದರೆ ಈ ರೈಲೇ ರದ್ದಾಗುತ್ತದೆ, ಮಳೆಗಾಲದಲ್ಲಿ ಹಿಂದಿನ ದಿನವೇ ನೋಡಿಕೊಳ್ಳಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ. ಗಾಜಿನ ಮಾಡು, ತಿರುಗುವ ಕುರ್ಚಿ ಎಲ್ಲ ಚೆಂದವೇ. ನನಗೆ ಬೇಕಾದದ್ದು ಮಾತ್ರ ಬೇರೆ: ಆ ದಾರಿಯ ಬಹುಭಾಗ ಮೊಬೈಲ್‌ಗೆ ನೆಟ್‌ವರ್ಕ್ ಇಲ್ಲ. ಎರಡು ಎರಡೂವರೆ ಗಂಟೆ ಯಾರೂ ಮೊಬೈಲ್ ಕಸಿಯದೆಯೇ ಮೊಬೈಲ್ ಸುಮ್ಮನಾಗುತ್ತದೆ. ಇದನ್ನು ಮೊದಲೇ ಹೇಳಬಾರದು, ಹೇಳಿದರೆ ಹಿಂದಿನ ರಾತ್ರಿ ಕೂತು ಎಲ್ಲ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಘಾಟಿ ನಡುವಿನ ಎಡಕುಮೇರಿ ನಿಲ್ದಾಣ ದಾಟುವ ಹೊತ್ತಿಗೆ ಮಾತು ತಾನಾಗಿ ಬರುತ್ತದೆ, ಹೆಚ್ಚಾಗಿ ಸುರಂಗದ ಕತ್ತಲಲ್ಲಿ. ಮುಖ ಕಾಣದಾಗ ಆ ವಯಸ್ಸಿನವರು ಮಾತಾಡುತ್ತಾರೆ. ಆಗ ಪ್ರಶ್ನೆ ಕೇಳದೆ "ಹೂಂ" ಅನ್ನುತ್ತಿದ್ದರೆ ಸಾಕು.

ವಿಸ್ಟಾಡೋಮ್‌ಗೆ ಇಬ್ಬರಿಗೆ ಮೂರು ಸಾವಿರದ ಹತ್ತಿರ ಆಗುತ್ತದೆ. ದುಡ್ಡು ಬಿಗಿ ಇದ್ದರೆ ಸೆಕೆಂಡ್ ಸಿಟ್ಟಿಂಗ್ ಸಾಕು, ನಾನೂರು ಐನೂರರಲ್ಲಿ ಇಬ್ಬರೂ ಹೋಗಬಹುದು. ಸುರಂಗ ಅದೇ, ನೆಟ್‌ವರ್ಕ್ ಇಲ್ಲದಿರುವುದೂ ಅದೇ. ಬುತ್ತಿಗೆ ಬನ್ಸ್ ಕಟ್ಟಿ, ಸಂಜೆವರೆಗೆ ಮೆತ್ತಗಿರುತ್ತದೆ. ತೆಂಗಿನಕಾಯಿ ಚಟ್ನಿ ಬೇಡ, ಮಧ್ಯಾಹ್ನಕ್ಕೇ ಹಳಸುತ್ತದೆ. ಜೊತೆಗೆ ಚಕ್ಕುಲಿ, ಒಣ ಅವಲಕ್ಕಿ. ವಾಂತಿ ಬರುವ ಮಕ್ಕಳಿಗೂ ಹೊಟ್ಟೆ ಪೂರ್ತಿ ಖಾಲಿ ಇಡಬೇಡಿ, ಖಾಲಿ ಹೊಟ್ಟೆಯಲ್ಲಿ ತೊಳಸುವುದು ಜಾಸ್ತಿ.

ಯಶವಂತಪುರದಿಂದ ರಾತ್ರಿ ಕ್ಯಾಬ್‌ಗೆ ಆರೇಳುನೂರು ಕೇಳುತ್ತಾರೆ. ಮೆಟ್ರೋ ಹಿಡಿಯಿರಿ: ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕೆಂಗೇರಿ. ಒಬ್ಬರಿಗೆ ನೂರು ರೂಪಾಯಿಯೊಳಗೆ. ಕೆಂಗೇರಿ ಸುತ್ತ ರೂಮು ಮಾಡಿದರೆ ಬೆಳಿಗ್ಗೆ ಪಾರ್ಕಿನ ಹಾದಿ ಅರ್ಧ ಮುಗಿದಂತೆ.

ರೂಮಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಕೆಟ್ಟ ಮೂಡ್ ಮರುದಿನವಿಡೀ ಕಾಡುತ್ತದೆ. ಅಪ್ಪ, ಮಗಳು ಇಬ್ಬರೇ ರಾತ್ರಿ ಹತ್ತಕ್ಕೆ ರಿಸೆಪ್ಶನ್‌ನಲ್ಲಿ ನಿಂತಾಗ "ತಾಯಿ ಬಂದಿಲ್ವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಕೆಲಸವೂ ಹೌದು, ತಪ್ಪಲ್ಲ. ಆದರೆ ಮಗುವಿನ ಎದುರು ಅದು ಬೇಡ. ಬುಕ್ ಮಾಡುವ ಮುಂಚೆ ಫೋನ್ ಮಾಡಿ, "ನಾನು ಮತ್ತು ನನ್ನ ಮಗಳು, ಇಬ್ಬರೇ, ಇಬ್ಬರ ಆಧಾರ್ ಮತ್ತು ಅವಳ ಜನನ ಪ್ರಮಾಣಪತ್ರ ಈಗಲೇ ಕಳಿಸುತ್ತೇನೆ" ಎಂದು ಹೇಳಿ, ವಾಟ್ಸಾಪ್‌ನಲ್ಲಿ ಕಳಿಸಿ, ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿ. ಅಮ್ಮನ ಜೊತೆ ಬರುವ ಹುಡುಗನಿಗೂ ಇದೇ ಕ್ರಮ. ಎರಡು ಬೇರೆ ಹಾಸಿಗೆ ಇರುವ ರೂಮನ್ನೇ ಕೇಳಿ, ಇನ್ನೂರು ಮುನ್ನೂರು ಹೆಚ್ಚಾದರೂ ಸರಿ.

ಟಿಕೆಟ್‌ಗೆ ರೈಲಿನಲ್ಲಿ ವಯಸ್ಸು ಲೆಕ್ಕ, ಪಾರ್ಕಿನಲ್ಲಿ ಎತ್ತರ ಲೆಕ್ಕ. ಹನ್ನೆರಡು ತುಂಬಿದರೆ ರೈಲಿನಲ್ಲಿ ಪೂರ್ತಿ ದರ. ವಂಡರ್‌ಲಾದಲ್ಲಿ 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ಟಿಕೆಟ್. ಆನ್‌ಲೈನ್‌ನಲ್ಲಿ ಬುಕ್ ಮಾಡುವ ಮುಂಚೆ ಮನೆಯಲ್ಲಿ ಗೋಡೆಗೆ ನಿಲ್ಲಿಸಿ, ಚಪ್ಪಲಿ ಇಲ್ಲದೆ, ಬೆಳಿಗ್ಗೆ ಎದ್ದ ಕೂಡಲೇ ಅಳೆಯಿರಿ. ಸಂಜೆಗೆ ಒಂದು ಸೆಂಟಿಮೀಟರ್‌ನಷ್ಟು ಕಡಿಮೆ ಬರುತ್ತದೆ. ಗಡಿಯಲ್ಲಿರುವ ಮಗುವಾದರೆ ಹಣ ಉಳಿಸುವ ಆಸೆ ಬಿಟ್ಟು ದೊಡ್ಡವರ ಟಿಕೆಟನ್ನೇ ತೆಗೆಯಿರಿ. ಗೇಟಿನಲ್ಲಿ ಎಲ್ಲರ ಎದುರು ಅಳತೆಕೋಲಿಗೆ ನಿಲ್ಲಿಸಿದ ಸಿಟ್ಟಿನ ಬೆಲೆ ಅದಕ್ಕಿಂತ ಹೆಚ್ಚು.

ಈಗ ಮುಖ್ಯ ಉಪಾಯ: ಕೇರಂ ಕಾಯಿ. ಪ್ಲಾಸ್ಟಿಕ್‌ನದ್ದು, ನಾಲ್ಕು. ಬೆಳಿಗ್ಗೆ ಮಗಳ ಕೈಗೆ ಕೊಡುವುದು. ಒಂದು ಕಾಯಿ ನನ್ನ ಕೈಗಿಟ್ಟರೆ ಇಪ್ಪತ್ತು ನಿಮಿಷ ನಾನು ಏನೂ ಕೇಳಬಾರದು, "ಏನಾಯ್ತು" ಕೂಡ ಇಲ್ಲ, ಐಸ್‌ಕ್ರೀಂ ಬೇಕಾ ಅಂತಲೂ ಇಲ್ಲ. ಅವಳು ಕಣ್ಣಳತೆಯಲ್ಲಿ ಇರಬೇಕು, ಅಷ್ಟೇ ಷರತ್ತು. ನನ್ನ ಹತ್ತಿರವೂ ಎರಡು ಕಾಯಿ: ನನ್ನದು ಕೊಟ್ಟರೆ ಹತ್ತು ನಿಮಿಷ ಕೂತು ನೀರು ಕುಡಿಯಲೇಬೇಕು. ಮೊದಲು ಕಾಗದದ ಚೀಟಿ ಇತ್ತು, ನೀರಿನಲ್ಲಿ ಮುದ್ದೆಯಾಯಿತು. ಅದಕ್ಕೂ ಹಿಂದಿನದ್ದು ಪಾಯಿಂಟ್ ಪದ್ಧತಿ, ಒಳ್ಳೆಯ ನಡತೆಗೆ ಇಷ್ಟು ರೂಪಾಯಿ ಎಂದು. ಹನ್ನೊಂದೂವರೆಗೇ ಚೌಕಾಸಿ ಶುರುವಾಗುತ್ತದೆ, ಮಾರುಕಟ್ಟೆಯೇ ಆಗಿಬಿಡುತ್ತದೆ. ಗಂಟೆಗಂಟೆಯ ವೇಳಾಪಟ್ಟಿ ಮುದ್ರಿಸಿ ಕೊಟ್ಟದ್ದೂ ನಡೆಯಲಿಲ್ಲ, ಟ್ಯೂಷನ್ ಟೈಮ್‌ಟೇಬಲ್ ಅಂತ ಮಡಚಿ ಕಿಸೆಗೆ ಹಾಕುತ್ತಾರೆ. ಕೇರಂ ಕಾಯಿ ಮಾತ್ರ ಗೆದ್ದಿದೆ. ಮೌನ ಮಗುವಿನ ಹಕ್ಕಾದ ಕೂಡಲೇ ಅದನ್ನು ಬಳಸುವ ಅವಸರ ಕಡಿಮೆಯಾಗುತ್ತದೆ, ಸಂಜೆಗೆ ಕಾಯಿಗಳು ಉಳಿದೇ ಇರುತ್ತವೆ. ನನಗೆ ಗೊತ್ತಿರುವ ಇನ್ನಿಬ್ಬರು ಒಂಟಿ ತಾಯಂದಿರು ಇದನ್ನೇ ಎತ್ತಿಕೊಂಡಿದ್ದಾರೆ, ಚೆನ್ನಾಗಿ ನಡೆಯುತ್ತಿದೆ.

ಮುನಿಸು ಕಂಡಾಗ ಮೊದಲು ಗಡಿಯಾರ ನೋಡಿ. ಹೊಟ್ಟೆಗೆ ಬಿದ್ದು ಮೂರು ಗಂಟೆ ಆಗಿದ್ದರೆ ಅದು ಹಸಿವು, ಸ್ವಭಾವ ಅಲ್ಲ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಬೆಳಿಗ್ಗೆ ಎಂಟೂವರೆಗೆ ಇಡ್ಲಿ, ಹತ್ತೂಕಾಲಿಗೆ ಗೇಟಿನ ಹೊರಗೆ ಬಾಳೆಹಣ್ಣು. ಒಳಗೆ ಮಧ್ಯಾಹ್ನದ ಊಟ 12ಕ್ಕೇ, ಸಾಲು ಬೆಳೆಯುವ ಮುಂಚೆ, ಅರ್ಧ ಹೊಟ್ಟೆ ಮಾತ್ರ.

ರೈಡ್‌ಗಳ ಕ್ರಮ ಹೀಗೆ. ಗೇಟು ತೆರೆದ ಕೂಡಲೇ ರಿಕಾಯಿಲ್ ಥರದ ದೊಡ್ಡವು. ನೀರಿನ ಆಟ ಶುರುವಾಗುವುದು ಮಧ್ಯಾಹ್ನ, ಆಗ ಜನವೆಲ್ಲ ಆ ಕಡೆ ಓಡುತ್ತದೆ. ನೀವು ಓಡಬೇಡಿ. ಊಟ ಮುಗಿಸಿ ಅರ್ಧ ಗಂಟೆ ನೆರಳಲ್ಲಿ ಕೂತು, ಖಾಲಿಯಾದ ಒಣ ರೈಡ್‌ಗಳಲ್ಲಿ ನಿಧಾನದವನ್ನು ಮೊದಲು, ಗರಗರ ತಿರುಗುವವನ್ನು ಒಂದೂವರೆಯ ನಂತರ ಮುಗಿಸಿ. ಎರಡೂಕಾಲಿಗೆ ನೀರಿಗೆ ಇಳಿಯಿರಿ. ನೀರಿಗಿಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಣ ರೈಡ್‌ಗೆ ಮರಳುವ ಯೋಚನೆ ಬಿಡಿ. ಸೆಪ್ಟೆಂಬರ್ ಸಂಜೆ ಗುಡುಗು ಬಂದರೆ ಎತ್ತರದ ರೈಡ್ ನಿಲ್ಲಿಸುತ್ತಾರೆ, ಅದಕ್ಕೂ ಬೆಳಿಗ್ಗೆಯೇ ಸರಿ. ಮೊದಲ ಇಪ್ಪತ್ತು ನಿಮಿಷ ನಾನು ಯಾವ ಕಡೆ ತಿರುಗುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಸಾಲು ಅಲ್ಲೇ ಬೆಳೆಯುತ್ತದೆ.

ಮಗಳು "ಈ ರೈಡ್‌ಗೆ ನಾನೊಬ್ಬಳೇ ಹತ್ತುತ್ತೇನೆ, ನೀವು ಬೇಡ" ಅಂದರೆ ಬಿಟ್ಟುಬಿಡಿ. ಕಾಯುವುದು ಹೊರಬರುವ ಬಾಗಿಲಲ್ಲಿ, ಸಾಲಿನ ಬಾಯಲ್ಲಲ್ಲ. ಎರಡೂ ಬೇರೆ ಬೇರೆ ಕಡೆ ಇರುತ್ತವೆ, ಮಕ್ಕಳು ತಪ್ಪಿಹೋಗುವುದು ಇಲ್ಲೇ. ಅವಳು ಬೇಡ ಅಂದ ರೈಡ್‌ಗೆ ನಾನೂ ಇಲ್ಲ, ಒಂಟಿ ಪೋಷಕರಿಗೆ ಬೇರೆ ದಾರಿಯಿಲ್ಲ. ಫೋಟೊ ಬೆಳಿಗ್ಗೆ ಒಂದು, ಅಳಿಸುವ ಅಧಿಕಾರ ಅವಳದ್ದು.

ಬಟ್ಟೆ ಬದಲಿಸುವ ಕೋಣೆಗೆ ಅಪ್ಪ ಬರುವಂತಿಲ್ಲ, ಮಗಳು ಒಬ್ಬಳೇ ಹೋಗಬೇಕು. ಇದನ್ನು ಪಾರ್ಕಿನಲ್ಲೇ ಮೊದಲ ಸಲ ಮಾಡಿಸಬೇಡಿ. ವಾಮಂಜೂರಿನ ಪಿಲಿಕುಳದಲ್ಲಿ ಮಾನಸ ವಾಟರ್ ಪಾರ್ಕ್ ಇದೆ, ಅರ್ಧ ದಿನದ ರಿಹರ್ಸಲ್‌ಗೆ ಅದು ಸಾಕು. ಅವಳದೇ ಜಿಪ್ ಚೀಲ: ಒಣ ಬಟ್ಟೆ, ಟವೆಲ್, ಎರಡು ರಬ್ಬರ್‌ಬ್ಯಾಂಡ್, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್, ಎರಡು ಪ್ಯಾಡ್, ಒಂದು ಹೆಚ್ಚುವರಿ ಒಳಉಡುಪು. ಪ್ಯಾಡ್ ವಿಷಯ ಅಪ್ಪಂದಿರು ಮುಚ್ಚಿಡಬೇಡಿ, ಹತ್ತು ಹನ್ನೆರಡಕ್ಕೆ ಶುರುವಾಗುವುದು ಸಾಮಾನ್ಯ. ನೀರಿನಲ್ಲಿ ಪ್ಯಾಡ್ ಕೆಲಸ ಮಾಡುವುದಿಲ್ಲ, ನೀರನ್ನೇ ಹೀರಿ ಉಬ್ಬುತ್ತದೆ. ಆ ದಿನ ಬಂದರೆ ಒಣ ರೈಡ್ ಮಾತ್ರ ಎಂದು ಮೊದಲೇ ಮಾತಾಡಿಟ್ಟರೆ ಅಲ್ಲಿ ಅಳು ಇಲ್ಲ. ಈಜುಡುಗೆ ನೈಲಾನ್, ಪಾಲಿಯೆಸ್ಟರ್ ಅಥವಾ ಲೈಕ್ರಾ ಇರಬೇಕು, ಹತ್ತಿ ಬಟ್ಟೆಗೆ ಬಿಡುವುದಿಲ್ಲ. ಉದ್ದ ತೋಳಿನ ಟಾಪ್, ಮೊಣಕಾಲಿನ ಕೆಳಗಿನ ಲೆಗ್ಗಿಂಗ್ ಇದ್ದರೆ ಸಂಕೋಚ ಅರ್ಧ ಕಡಿಮೆ, ಜಾರುಬಂಡೆಯಲ್ಲಿ ಮೊಣಕೈಯೂ ತರಚುವುದಿಲ್ಲ. ನೀರಿಗಿಳಿಯುವ ಮುಂಚೆ ಕೂದಲನ್ನು ಸಿಹಿನೀರಲ್ಲಿ ಒದ್ದೆ ಮಾಡಿ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಜಡೆ ಹಾಕಿದರೆ ಕ್ಲೋರಿನ್ ಅಷ್ಟಾಗಿ ಹಿಡಿಯುವುದಿಲ್ಲ.

ನಡುವೆ ಒಂದು ಬೇರೆ ಪ್ರಯೋಗ: ಕಣ್ಣೂರಿನ ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್. ಬೆಳಗಿನ ಜಾವದ ಪರಶುರಾಮ್ ಎಕ್ಸ್‌ಪ್ರೆಸ್‌ಗೆ ಹೋಗಿ ರಾತ್ರಿಗೆ ಮನೆ, ರೂಮಿನ ಖರ್ಚಿಲ್ಲ, ಒಟ್ಟು ಮೂರನೇ ಒಂದು ಭಾಗದ ದುಡ್ಡು. ಹತ್ತಿರವೇ ಹಾವಿನ ಪಾರ್ಕ್, ಮುತ್ತಪ್ಪನ್ ಕ್ಷೇತ್ರ. ಒಂಬತ್ತು ಹತ್ತರ ಮಕ್ಕಳಿಗೆ ನಾನು ಇದನ್ನೇ ಹೇಳುವುದು. ಹನ್ನೆರಡಾದವರು ಕ್ಲಾಸಿನಲ್ಲಿ ಹೇಳಿಕೊಳ್ಳಲಿಕ್ಕೆ ರೋಲರ್‌ಕೋಸ್ಟರ್ ಬೇಕು ಅನ್ನುತ್ತಾರೆ.

ಖರ್ಚು, ನೆನಪಿನಿಂದ: ವಿಸ್ಟಾಡೋಮ್ 3,000, ರೂಮು 2,000, ಮೆಟ್ರೋ ಮತ್ತು ಕ್ಯಾಬ್ 900, ಪಾರ್ಕ್ ಟಿಕೆಟ್ ವಾರದ ದಿನ ಇಬ್ಬರಿಗೆ 3,000 ಆಸುಪಾಸು, ಲಾಕರ್ ಇತ್ಯಾದಿ 300, ಊಟ ತಿಂಡಿ 1,500, ಬರುವ ಸ್ಲೀಪರ್ ಬಸ್ 2,800. ಹದಿಮೂರೂವರೆ ಸಾವಿರ. ರೈಲಿನಲ್ಲಿ ಸೆಕೆಂಡ್ ಸಿಟ್ಟಿಂಗ್ ಆದರೆ ಹನ್ನೊಂದರೊಳಗೆ. ಮಂಗಳೂರಿನಿಂದ ಟ್ಯಾಕ್ಸಿ ಮಾಡಿದರೆ ಬಾಡಿಗೆಯೇ ಅಷ್ಟಾಗುತ್ತದೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಮಗಳಿಗೆ ಉಚಿತ, ಆಧಾರ್ ಇಟ್ಟುಕೊಳ್ಳಿ. ಆದರೆ ಪಾರ್ಕಿನ ಸುಸ್ತಿನ ಮೇಲೆ ರಾತ್ರಿಯಿಡೀ ಕೂತು ಬರುವುದು ಬೇಡ, ಸ್ಲೀಪರ್‌ಗೆ ದುಡ್ಡು ಹಾಕಿ.

ಐದಕ್ಕೇ ನೀರಿನಿಂದ ಎದ್ದು, ಶವರ್ ಮುಗಿಸಿ, ಕ್ಯಾಬ್‌ನಲ್ಲಿ ಚಲ್ಲಘಟ್ಟ ಮೆಟ್ರೋಗೆ ಬನ್ನಿ, ಹತ್ತು ಹನ್ನೆರಡು ಕಿಲೋಮೀಟರ್. ಅದು ಕೊನೆಯ ನಿಲ್ದಾಣ, ಸೀಟು ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ಊಟ, ಹತ್ತರ ಹೊತ್ತಿಗೆ ಬಸ್. 2+1 ಸ್ಲೀಪರ್‌ನಲ್ಲಿ ಜೋಡಿ ಬರ್ತ್, ಕೆಳಗಿನದು, ಬಸ್ಸಿನ ನಡುಭಾಗದ್ದು ತೆಗೆಯಿರಿ. ಹಿಂದಿನ ಚಕ್ರದ ಮೇಲಿನದು ಘಾಟಿಯಲ್ಲಿ ಎತ್ತಿ ಹಾಕುತ್ತದೆ. ಒದ್ದೆ ಬಟ್ಟೆಯ ಚೀಲವನ್ನು ಡಿಕ್ಕಿಗೆ ಹಾಕದೆ ಕಾಲ ಬುಡದಲ್ಲೇ ಬಾಯಿ ಸ್ವಲ್ಪ ತೆರೆದಿಡಿ, ಕಟ್ಟಿಟ್ಟರೆ ಬೆಳಿಗ್ಗೆಗೆ ವಾಸನೆ. ಮನೆ ತಲುಪಿದ ಕೂಡಲೇ ಲೈಕ್ರಾವನ್ನು ಸಿಹಿನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ನೆರಳಿನಲ್ಲಿ ಹರವಿ. ಕ್ಲೋರಿನ್ ಉಳಿದರೆ ಎಳೆತ ಹೋಗಿ ಮುಂದಿನ ಸಲಕ್ಕೆ ಜೋಲುತ್ತದೆ.